ಕಡ್ಡಿಯೊಳಗಿನ ಜೀವ: ಅರಿಯದೆ ಆಗುವ ಹಿಂಸೆಯನ್ನು ಕುರಿತು

ಅಹಿಂಸೆಯನ್ನು ಪರಮ ಧರ್ಮವೆಂದು ನಂಬಿದ ಮನೆಗಳಲ್ಲಿ ಮಕ್ಕಳು ಹಿರಿಯರನ್ನು ಕೇಳುತ್ತ ಬಂದಿರುವ ಪ್ರಶ್ನೆಯೊಂದಿದೆ. ಗೊತ್ತಿಲ್ಲದೆ ಕಾಲ ಕೆಳಗೆ ಇರುವೆ ಸತ್ತರೆ ಅದು ಪಾಪವೇ? ಹಿರಿಯರ ಉತ್ತರ ಎರಡು ಬಗೆಯದು. ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲವೆಂದು ಕೆಲವರು ಮಗುವನ್ನು ಸಮಾಧಾನಪಡಿಸುತ್ತಾರೆ. ನೋಡಿ ನಡೆಯಬೇಕಿತ್ತು ಎಂದು ಮತ್ತೆ ಕೆಲವರು ಎಚ್ಚರಿಸುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಒಂದೇ ಮನಸ್ಸು ಎರಡನ್ನೂ ಒಟ್ಟಿಗೆ ಒಪ್ಪುವುದು ಹೇಗೆ ಎಂಬುದು ವಿಚಾರಣೀಯವಾದ ಸಂಗತಿ. ಈ ವಿಚಾರಕ್ಕೆ ಪುರಾಣಗಳಲ್ಲಿ ದೊಡ್ಡ ದೃಷ್ಟಾಂತಗಳಿವೆ. ಹಿಂದೂಪುರ, ಕಲ್ಯಾಣದುರ್ಗಗಳಂತಹ ಊರುಗಳ ಹೊಸ ಬಡಾವಣೆಗಳ ಬೇಲಿಯ ಮೇಲೆ ಒಂದು ಪುಟ್ಟ ದೃಷ್ಟಾಂತವೂ ಇದೆ.

ನಡೆಯುವ ಕಡ್ಡಿ

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಪೆನ್ನಾ ನದಿಯ ಸಮೀಪದಲ್ಲಿರುವ ಹಿಂದೂಪುರವು 2022ರ ಏಪ್ರಿಲ್ ತಿಂಗಳಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಜಿಲ್ಲೆ ಬೇರೆಯಾದರೂ ನೆಲ ಒಂದೇ. ವರ್ಷಕ್ಕೆ ಸರಾಸರಿ ಐನೂರೈವತ್ತು ಮಿಲಿಮೀಟರ್‌ನ ಆಸುಪಾಸಿನಲ್ಲಿ ಮಳೆ ಬೀಳುವ ಒಣ ಸೀಮೆ ಇದು. ತೆಲುಗು, ಕನ್ನಡ, ಉರ್ದು ಮಾತುಗಳ ಜೊತೆಗೆ ವ್ಯಾಪಾರಕ್ಕಾಗಿ ಬಂದು ನೆಲೆಸಿದವರ ಮಾರವಾಡಿ, ಗುಜರಾತಿಗಳೂ ಇಲ್ಲಿ ಕೇಳಿಬರುತ್ತವೆ. ಶೇಂಗಾ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗುತ್ತಿರುವ ಊರಂಚುಗಳಲ್ಲಿ, ಕಟ್ಟಿದ ಮನೆಗೂ ಕಟ್ಟದ ಮನೆಗೂ ನಡುವೆ, ಜಾಲಿಗಿಡಗಳು ಇನ್ನೂ ನಿಂತಿರುತ್ತವೆ.

ಇಂತಹ ಜಾಲಿಯ ರೆಂಬೆಯೊಂದರಲ್ಲಿ ಬೆರಳುದ್ದದ ಕಡ್ಡಿಗಳ ಕಟ್ಟೊಂದು ತೂಗುತ್ತಿರುತ್ತದೆ. ಒಂದೇ ಅಳತೆಗೆ ಕತ್ತರಿಸಿದಂತಿರುವ ಒಣ ಕಡ್ಡಿಗಳು ಉದ್ದುದ್ದವಾಗಿ ಒತ್ತಾಗಿ ಜೋಡಿಸಿಕೊಂಡಿರುತ್ತವೆ. ದಾರಿಹೋಕರಿಗೆ ಅದು ಗಾಳಿಗೆ ಸಿಕ್ಕಿಕೊಂಡ ಕಸ. ಮಕ್ಕಳ ಕಣ್ಣು ಮಾತ್ರ ಅಲ್ಲಿಯೇ ನಿಲ್ಲುತ್ತದೆ.

“ಅಜ್ಜೀ, ಕಡ್ಡಿ ನಡೀತಿದೆ ನೋಡು!”

“ಕಡ್ಡಿ ಎಲ್ಲಾದರೂ ನಡೆಯುತ್ತೇನೇ? ಗಾಳಿಗೆ ಅಲ್ಲಾಡಿರಬೇಕು.”

“ಇಲ್ಲ ಅಜ್ಜಿ, ಒಳಗಿಂದ ತಲೆ ಬಂತು.”

ಮಗುವಿನ ಮಾತೇ ನಿಜ. ಕಟ್ಟಿನ ಮೇಲ್ತುದಿಯಿಂದ ಕಂದು ಬಣ್ಣದ ತಲೆಯೊಂದು, ಅದರ ಹಿಂದೆ ಮೂರು ಜೊತೆ ಕಾಲುಗಳು ಹೊರಬಂದು, ರೆಂಬೆಯನ್ನು ಹಿಡಿದು, ಇಡೀ ಕಟ್ಟನ್ನು ಎಳೆದುಕೊಂಡು ಮುಂದೆ ಸಾಗುತ್ತವೆ. ಯಾರಾದರೂ ಮುಟ್ಟಿದರೆ ತಲೆ ಒಳಗೆ ಸರಿಯುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಮತ್ತೆ ಕಡ್ಡಿ ಮಾತ್ರ.

ಇದು ಒಂದು ಬಗೆಯ ಪತಂಗದ ಮರಿ. ಚೀಲವನ್ನು ಕಟ್ಟಿಕೊಂಡು ಬದುಕುವುದರಿಂದ ಚೀಲದ ಹುಳು ಎಂದು ಕರೆಯಬಹುದು. ಕೀಟಶಾಸ್ತ್ರಜ್ಞರು ಇದನ್ನು ಸೈಕಿಡೇ ಎಂಬ ಕುಟುಂಬಕ್ಕೆ ಸೇರಿಸುತ್ತಾರೆ. ದಕ್ಷಿಣ ಭಾರತದ ಜಾಲಿಗಿಡಗಳ ಮೇಲೆ ಕಾಣುವ ಕಡ್ಡಿಚೀಲದ ಹುಳುವಿಗೆ ಅವರು ಕೊಟ್ಟ ಹೆಸರು ಯುಮೆಟಾ ಕ್ರಾಮೆರಿ. ಹುಳು ತನ್ನ ಬಾಯ ಕೆಳಗಿನ ಗ್ರಂಥಿಯಿಂದ ರೇಷ್ಮೆಯ ಎಳೆಯನ್ನು ತೆಗೆದು ಮೊದಲು ಒಳಚೀಲವನ್ನು ನೇಯುತ್ತದೆ. ಬಳಿಕ ತಾನಿರುವ ಗಿಡದ ಕಡ್ಡಿಗಳನ್ನೇ ಕಡಿದು ಹೊರಗೆ ಅಂಟಿಸುತ್ತದೆ. ದೇಹ ಬೆಳೆದಂತೆ ಮೇಲ್ತುದಿಯಲ್ಲಿ ಚೀಲವನ್ನೂ ಬೆಳೆಸುತ್ತದೆ. ಕೆಳತುದಿಯ ಕಿರಿದಾದ ರಂಧ್ರದಿಂದ ಹಿಕ್ಕೆಯನ್ನು ಹೊರಹಾಕುತ್ತದೆ. ಕೋಶಾವಸ್ಥೆಗೆ ಹೋಗುವ ಮುನ್ನ ಚೀಲವನ್ನು ರೆಂಬೆಗೆ ಭದ್ರವಾಗಿ ಬಿಗಿದು, ಒಳಗೆ ತಲೆಕೆಳಗಾಗಿ ತಿರುಗಿಕೊಳ್ಳುತ್ತದೆ.

ಮುಂದಿನ ಕಥೆ ಇನ್ನೂ ವಿಚಿತ್ರವಾದುದು. ಗಂಡಿಗೆ ರೆಕ್ಕೆ ಮೂಡುತ್ತದೆ. ಕೆಳತುದಿಯಿಂದ ಹೊರಬಂದು, ಏನನ್ನೂ ಉಣ್ಣದೆ, ಸ್ವಲ್ಪ ಕಾಲ ಬದುಕುತ್ತದೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ. ತಾನು ನೇಯ್ದ ಚೀಲದಲ್ಲಿಯೇ ಬೆಳೆದು, ಅಲ್ಲಿಯೇ ನೂರಾರು ಮೊಟ್ಟೆಗಳನ್ನಿಟ್ಟು, ತನ್ನ ಆಯುಷ್ಯವನ್ನು ಮುಗಿಸುತ್ತದೆ. ಮರಿಗಳು ಹೊರಬಂದು ಎಳೆಯೊಂದಕ್ಕೆ ಜೋತುಬಿದ್ದು ಗಾಳಿಯೊಡನೆ ಬೇರೆ ಗಿಡಗಳಿಗೆ ಸಾಗುತ್ತವೆ. ಇವುಗಳ ಹತ್ತಿರದ ಬಂಧುಗಳನ್ನು ಬಹುಕಾಲ ಗಮನಿಸಿದ ಫ್ರಾನ್ಸಿನ ಜೀನ್ ಹೆನ್ರಿ ಫಾಬ್ರೆ (1823–1915) ಮನಸ್ಸಿಗೆ ನಾಟುವ ಸಂಗತಿಯೊಂದನ್ನು ಕಂಡರು. ಹುಟ್ಟಿದ ಮರಿಗಳು ಆಹಾರವನ್ನು ಹುಡುಕುವ ಮೊದಲೇ ಉಡುಪನ್ನು ಹೊಂದಿಸಿಕೊಳ್ಳುತ್ತವೆ. ಆ ಮೊದಲ ಉಡುಪಿಗೆ ಬೇಕಾದ ಚೂರುಗಳನ್ನು ತಾಯಿಯ ಚೀಲದಿಂದಲೇ ಕೆರೆದುಕೊಳ್ಳುತ್ತವೆ.

ಕಟ್ಟಿಗೆಯ ಎರಡು ಕಥೆಗಳು

ಕಡ್ಡಿಯ ವೇಷದ ಈ ಜೀವ ಹಿಂದಿನವರ ಕಣ್ಣಿಗೆ ಬೀಳದೆ ಇರಲಿಲ್ಲ. ಸಿಂಹಳದ್ವೀಪದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದ ಜೇಮ್ಸ್ ಎಮರ್ಸನ್ ಟೆನೆಂಟ್, 1861ರಲ್ಲಿ ಪ್ರಕಟವಾದ ಆ ದ್ವೀಪದ ಜೀವಸಂಪತ್ತನ್ನು ಕುರಿತ ಗ್ರಂಥದಲ್ಲಿ, ಅಲ್ಲಿನ ಜನರ ನಂಬಿಕೆಯೊಂದನ್ನು ದಾಖಲಿಸಿದ್ದಾನೆ. ಹಿಂದಿನ ಜನ್ಮದಲ್ಲಿ ಸೌದೆ ಕದ್ದವರು ಈ ಜನ್ಮದಲ್ಲಿ ಕಟ್ಟಿಗೆಯ ಹೊರೆ ಹೊತ್ತ ಹುಳುವಾಗಿ ಹುಟ್ಟುತ್ತಾರೆ ಎಂಬುದು ಆ ನಂಬಿಕೆ.

ಜನ್ಮಾಂತರವನ್ನು ಒಪ್ಪುವ ಜನರಿಗೆ ಇದು ಸುಲಭವಾಗಿ ರುಚಿಸುವ ಕಥೆ. ಆದರೂ ಎಚ್ಚರದಿಂದ ಸ್ವೀಕರಿಸಬೇಕಾದದ್ದು. ಜೈನ ದರ್ಶನದಲ್ಲಿ ಕರ್ಮವು ಯಾವ ನ್ಯಾಯಾಧೀಶನೂ ವಿಧಿಸುವ ಶಿಕ್ಷೆಯಲ್ಲ. ಜೀವವು ತನ್ನ ಕಷಾಯಗಳಿಂದ ತಾನೇ ಕಟ್ಟಿಕೊಳ್ಳುವ ಬಂಧ. ಅದಕ್ಕಿಂತ ಮುಖ್ಯವಾಗಿ, ಎದುರಿನ ಜೀವದ ಕಷ್ಟವನ್ನು ಅದರ ಹಳೆಯ ಅಪರಾಧಕ್ಕೆ ಲೆಕ್ಕ ಹಚ್ಚಿದೊಡನೆ ನೋಡುವವನ ಎದೆಯಲ್ಲಿ ಕರುಣೆ ತಣ್ಣಗಾಗುತ್ತದೆ. ಹುಳು ಏನು ಮಾಡಿತ್ತೋ ಎಂಬುದು ನೋಡುವವನು ಬಿಡಿಸಬೇಕಾದ ಲೆಕ್ಕವಲ್ಲ. ತಾನು ಈಗ ಏನು ಮಾಡುತ್ತಿದ್ದೇನೆ ಎಂಬುದಷ್ಟೇ ಅವನ ಪಾಲಿನದು.

ಕಟ್ಟಿಗೆಯ ಇನ್ನೊಂದು ಕಥೆ ಜೈನ ಮನೆಗಳಲ್ಲಿ ಯಾವ ಭಾಷೆಯಲ್ಲಾದರೂ ಮಕ್ಕಳಿಗೆ ತಿಳಿದಿರುವಂಥದು. ಪರಂಪರೆಯಿಂದ ಪರಂಪರೆಗೆ ವಿವರಗಳು ಬೇರೆಯಾಗುತ್ತವೆ, ಸಾರ ಒಂದೇ. ತಾಪಸನೊಬ್ಬ ಬೆಂಕಿಯ ಮುಂದೆ ಉಗ್ರ ತಪಸ್ಸಿನಲ್ಲಿದ್ದಾನೆ. ಅಲ್ಲಿಗೆ ಬಂದ ರಾಜಕುಮಾರ ಪಾರ್ಶ್ವನಿಗೆ ಮರದ ದಿಮ್ಮಿಯೊಳಗೆ ಸರ್ಪಗಳ ಜೋಡಿಯಿರುವುದು ತಿಳಿಯುತ್ತದೆ. ಆತ ತಡೆಯುತ್ತಾನೆ, ತಾಪಸ ನಂಬುವುದಿಲ್ಲ. ದಿಮ್ಮಿಯನ್ನು ಸೀಳಿದಾಗ ನೊಂದ ಸರ್ಪಗಳು ಹೊರಬರುತ್ತವೆ. ಪಾರ್ಶ್ವನ ಸಾಂತ್ವನದ ಮಾತನ್ನು ಕೇಳುತ್ತ ಪ್ರಾಣಬಿಟ್ಟ ಅವು ಧರಣೇಂದ್ರ ಪದ್ಮಾವತಿಯರಾದುವೆಂದು ನಂಬಿಕೆ. ಈ ಸೀಮೆಗೂ ಪಾರ್ಶ್ವನಾಥರಿಗೂ ಹಳೆಯ ನಂಟಿದೆ. ಮಡಕಶಿರಾ ಭಾಗದ ಅಮರಾಪುರದಲ್ಲಿ ದೊರೆತ 13ನೆಯ ಶತಮಾನದ ಶಾಸನವೊಂದು ಪ್ರಸನ್ನ ಪಾರ್ಶ್ವದೇವರಿಗೆ ಸಂದ ದಾನವನ್ನು ಹೇಳುತ್ತದೆ.

ಆ ತಾಪಸ ಸರ್ಪಗಳನ್ನು ಕೊಲ್ಲಬೇಕೆಂದು ಬೆಂಕಿ ಹಚ್ಚಿದವನಲ್ಲ. ಅವನ ಮನಸ್ಸಿನಲ್ಲಿದ್ದುದು ತಪಸ್ಸು. “ನನಗೆ ಗೊತ್ತಿರಲಿಲ್ಲ” ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಆದರೂ ಕಥೆ ಅವನನ್ನು ಕ್ಷಮಿಸುವುದಿಲ್ಲ. ಏಕೆಂದರೆ ಅವನ ದೋಷ ಅರಿಯದಿರುವುದರಲ್ಲಿ ಮಾತ್ರ ಇರಲಿಲ್ಲ. ಅರಿಯುವ ಗೋಜಿಗೇ ಅವನು ಹೋಗಲಿಲ್ಲ. ಅರಿತವನು ಹೇಳಿದಾಗಲೂ ಕಿವಿಗೊಡಲಿಲ್ಲ.

ಪ್ರಮಾದವೆಂಬ ಮೂಲ

ಆಚಾರ್ಯ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣ ಹೋಗುವುದೆಂಬ ಒಂದೇ ಅಂಶಕ್ಕೆ ನಿಲ್ಲುವುದಿಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಪ್ರಾಣಹರಣವಾಗುವುದು ಹಿಂಸೆ ಎಂಬುದು ಅವರ ಮಾತಿನ ಸಾರ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಇದನ್ನು ಇನ್ನಷ್ಟು ಬಿಡಿಸುತ್ತಾರೆ. ಯತ್ನಾಚಾರದಿಂದ ನಡೆಯುವವನಿಂದ ಜೀವವೊಂದು ಅಳಿದರೂ ಅವನು ಹಿಂಸಕನಲ್ಲ. ರಾಗಾದಿಗಳ ವಶನಾಗಿ ಎಚ್ಚರಗೆಟ್ಟು ನಡೆಯುವವನು, ಎದುರಿನ ಜೀವ ಸಾಯಲಿ ಬಿಡಲಿ, ಹಿಂಸಕನೇ.

ಮಗುವಿಗೆ ಕೊಟ್ಟ ಎರಡು ಉತ್ತರಗಳು ಇಲ್ಲಿ ಕೂಡಿಕೊಳ್ಳುತ್ತವೆ. ನೋಡಿ ನಡೆದರೂ ಕಾಣದೆ ಹೋದದ್ದು ಒಂದು ಬಗೆಯ ಅಜ್ಞಾನ. ನೋಡುವ ಶ್ರಮವೇ ಬೇಡವೆಂದು ಕಾಣದೆ ಹೋದದ್ದು ಇನ್ನೊಂದು ಬಗೆ. ಹೊರಗಿನಿಂದ ಎರಡಕ್ಕೂ ಒಂದೇ ಹೆಸರು, “ಗೊತ್ತಾಗಲಿಲ್ಲ.” ಒಳಗಿನಿಂದ ಎರಡಕ್ಕೂ ಅಜಗಜಾಂತರ.

ಕಷ್ಟವಿರುವುದು ಇಲ್ಲಿಯೇ. ತನ್ನ ಅಜ್ಞಾನ ಯಾವ ಬಗೆಯದೆಂದು ಮನುಷ್ಯ ತಾನೇ ನಿರ್ಣಯಿಸಬೇಕಾಗಿದೆ. ಆ ನಿರ್ಣಯದಲ್ಲಿ ಅವನು ತನಗೆ ತಾನೇ ಅನುಕೂಲಕರನಾದ ಸಾಕ್ಷಿ. ಪೂರ್ವಿಕರು ಈ ದೌರ್ಬಲ್ಯವನ್ನು ಬಲ್ಲವರಾಗಿದ್ದರು. ದಿಗಂಬರರ ಈರ್ಯಾಪಥಶುದ್ಧಿಯಾಗಲಿ, ಶ್ವೇತಾಂಬರರ ಇರಿಯಾವಹಿಯಾ ಆಗಲಿ, ನಡೆಯುವಾಗ ನೊಂದಿರಬಹುದಾದ ಜೀವಗಳೆಲ್ಲವನ್ನೂ ನೆನೆದು ದೋಷವನ್ನು ಹಿಂತೆಗೆದುಕೊಳ್ಳುವ ವಿಧಿ. ಅರಿಯದೆ ಆದದ್ದರಲ್ಲಿ ದೋಷವೇ ಇಲ್ಲವಾದರೆ ಪ್ರತಿದಿನ ಈ ಪ್ರತಿಕ್ರಮಣವೇಕೆ? ಅರಿಯದ ಆ ಭಾಗದಲ್ಲಿ ಎಷ್ಟು ನಿರುಪಾಯ, ಎಷ್ಟು ಆಲಸ್ಯ ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ಸ್ಪಷ್ಟವಿರುವುದಿಲ್ಲ. ಆದ್ದರಿಂದಲೇ ಈ ವಿಧಿ.

ಚೀಲದ ಹುಳು ಈ ವಿಚಾರವನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಚಲಿಸುವ ಜೀವಗಳನ್ನು ತ್ರಸವೆಂದೂ ಚಲಿಸದವುಗಳನ್ನು ಸ್ಥಾವರವೆಂದೂ ಶಾಸ್ತ್ರ ವಿಂಗಡಿಸುತ್ತದೆ. ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದನ್ನು ಬಿಡಿಸುತ್ತದೆ. ಆದರೆ ಇಲ್ಲೊಂದು ತ್ರಸಜೀವ ಒಣಗಿದ ಕಡ್ಡಿಯ, ಎಂದರೆ ನಿರ್ಜೀವದ, ಉಡುಪು ತೊಟ್ಟು ಕುಳಿತಿದೆ. ಹಕ್ಕಿಯ ಕಣ್ಣು ತಪ್ಪಿಸುವುದಕ್ಕೆಂದು ಪ್ರಕೃತಿ ಕೊಟ್ಟ ಆ ವೇಷ, ಕೊಲ್ಲುವ ಇಚ್ಛೆಯೇ ಇಲ್ಲದ ಮನುಷ್ಯನ ಕಣ್ಣನ್ನೂ ತಪ್ಪಿಸುತ್ತದೆ. ಬೇಲಿ ಸವರುವ ಕತ್ತಿ, ಕಸಕ್ಕೆ ಹಚ್ಚುವ ಬೆಂಕಿ, ಸಮಾರಾಧನೆಯ ಒಲೆಗೆ ತಂದ ಸೌದೆಯ ಹೊರೆ, ಇವುಗಳಲ್ಲಿ ಯಾವುದಕ್ಕೂ ಅದರ ಮೇಲೆ ದ್ವೇಷವಿಲ್ಲ. ಹುಳು ಅಳಿಯುವುದು ದ್ವೇಷದಿಂದಲ್ಲ, ಗಮನದ ಅಭಾವದಿಂದ.

ಪಾರ್ಶ್ವಕುಮಾರನಿಗೆ ಅವಧಿಜ್ಞಾನವಿತ್ತು. ದಿಮ್ಮಿಯನ್ನು ಸೀಳದೆಯೇ ಒಳಗಿನದನ್ನು ಬಲ್ಲವನಾದ. ಸಾಮಾನ್ಯ ಶ್ರಾವಕ ಶ್ರಾವಿಕೆಯರಿಗೆ ಅದಿಲ್ಲ. ಅವರಿಗಿರುವುದು ಎರಡು ಕಣ್ಣು ಮತ್ತು ಕೊಂಚ ತಾಳ್ಮೆ. ಕನ್ನಡದಲ್ಲಿ ಯತ್ನಾಚಾರವೆಂದೂ ಗುಜರಾತಿ ಮನೆಗಳಲ್ಲಿ ಜಯಣಾ ಎಂದೂ ಕರೆಯುವ ಆಚಾರದ ಅರ್ಥ ಇದೇ. ನೀರನ್ನು ಸೋಸುವುದು, ಧಾನ್ಯವನ್ನು ಹಸನು ಮಾಡಿ ನೋಡುವುದು, ಸೌದೆಯನ್ನು ಕೊಡವಿ ಒಲೆಗಿಡುವುದು, ಎಲ್ಲವೂ ಅವಧಿಜ್ಞಾನವಿಲ್ಲದವರಿಗಾಗಿ ಹಿರಿಯರು ಕಟ್ಟಿಕೊಟ್ಟ ಕಣ್ಣುಗಳು. ಗ್ಯಾಸ್ ಒಲೆ ಬಂದು ಸೌದೆ ಕೊಡವುವ ಕೆಲಸ ತಪ್ಪಿತು. ಅದರೊಡನೆ ಕೊಡವಿ ನೋಡುವ ಮನಸ್ಸೂ ತಪ್ಪಿಹೋದರೆ ನಷ್ಟ ದೊಡ್ಡದು.

ಗೋಡೆಯ ಮೇಲಿನ ಬೀಜ

ಬೇಲಿಯಿಂದ ಮನೆಯೊಳಗೆ ಬಂದರೂ ಇದೇ ಪ್ರಶ್ನೆ ಕಾದಿರುತ್ತದೆ. ಬಚ್ಚಲಿನ ಬಳಿಯ ಗೋಡೆಯಲ್ಲಿ, ಬೀರುವಿನ ಹಿಂದೆ, ಸೋರೆಬೀಜದಂತೆ ಚಪ್ಪಟೆಯಾದ ಬೂದುಬಣ್ಣದ ಚಿಕ್ಕ ಚೀಲವೊಂದು ಅಂಟಿಕೊಂಡಿರುತ್ತದೆ. ಉದ್ದ ಒಂದು ಸೆಂಟಿಮೀಟರಿನಷ್ಟು. ಇದೂ ಪತಂಗದ ಮರಿಯೇ, ಬಟ್ಟೆ ತಿನ್ನುವ ಪತಂಗಗಳ ಕುಟುಂಬಕ್ಕೆ ಸೇರಿದ ಬೇರೊಂದು ಜಾತಿ. ಮರಳಿನ ಕಣ, ಸುಣ್ಣದ ಪುಡಿ, ನೂಲಿನ ಚೂರುಗಳನ್ನು ರೇಷ್ಮೆಯೆಳೆಯಿಂದ ಬೆಸೆದು ಈ ಚೀಲವನ್ನು ಕಟ್ಟುತ್ತದೆ. ಎರಡು ತುದಿಗಳಲ್ಲಿಯೂ ಬಾಯಿ. ಒಳಗೇ ತಿರುಗಿಕೊಂಡು ಬೇಕಾದ ಕಡೆಯಿಂದ ತಲೆ ಹೊರಹಾಕುತ್ತದೆ. ಹಳೆಯ ಜೇಡರ ಬಲೆ, ಉದುರಿದ ಕೂದಲು, ಉಣ್ಣೆಯ ಎಳೆ ಇದರ ಆಹಾರ.

ಹಬ್ಬಕ್ಕೆ ಮೊದಲು ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಈ ಬೀಜಗಳು ಧೂಳಿನೊಂದಿಗೆ ಹೋಗುತ್ತವೆ. ಪರ್ವವನ್ನು ಸ್ವಾಗತಿಸುವ ಸಡಗರದಲ್ಲಿಯೇ ಪರ್ವದ ಆಶಯಕ್ಕೆ ಭಂಗ ಬರುವುದು ವಿಷಾದದ ವಿಷಯ. ಪರಿಹಾರ ಕಠಿಣವಲ್ಲ. ಕಾಗದದ ತುಂಡೊಂದರ ಮೇಲೆ ಸರಿಸಿಕೊಂಡು ಹೊರಗಿನ ನೆರಳಿನ ಗೋಡೆಗೆ ಬಿಡಬಹುದು. ಅದಕ್ಕಿಂತ ಮೇಲಾದದ್ದು, ಬಲೆಯನ್ನೂ ಕೂದಲನ್ನೂ ಆಗಾಗ ಗುಡಿಸಿ ಅಲ್ಲಿ ಹುಳು ನೆಲೆಸುವ ಕಾರಣವನ್ನೇ ಇಲ್ಲವಾಗಿಸುವುದು. ಕೊಲ್ಲುವ ಸಂದರ್ಭವೇ ಬಾರದಂತೆ ಬಾಳುವುದು ಕೊಲ್ಲದಿರುವುದಕ್ಕಿಂತ ಒಂದು ಹೆಜ್ಜೆ ಮುಂದೆ.

ಎಲ್ಲ ಸಂದರ್ಭಗಳೂ ಇಷ್ಟು ಸುಲಭವಲ್ಲವೆಂಬುದನ್ನೂ ಒಪ್ಪಬೇಕು. ಚೀಲದ ಹುಳುಗಳು ದಾಳಿಂಬೆಯಂತಹ ಹಣ್ಣಿನ ಗಿಡಗಳಿಗೂ ಹತ್ತುವುದುಂಟು. ಸಂಖ್ಯೆ ಹೆಚ್ಚಿದಾಗ ಗಿಡದ ಎಲೆಯನ್ನೆಲ್ಲ ತಿಂದುಬಿಡುತ್ತವೆ. ಸಾಲ ಮಾಡಿ ಕೊಳವೆಬಾವಿ ತೋಡಿಸಿದ ಕಲ್ಯಾಣದುರ್ಗದ ಕಡೆಯ ರೈತನಿಗೆ ಜಯಣೆಯ ಉಪದೇಶ ಮಾಡಿ, ಅವನು ಬೆಳೆದ ಹಣ್ಣನ್ನು ಅಗ್ಗದ ಬೆಲೆಗೆ ಕೇಳುವುದು ಧರ್ಮವಾಗದು. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ ಆಚಾರ್ಯರಿಗೆ ಗೃಹಸ್ಥನ ಇಕ್ಕಟ್ಟುಗಳು ತಿಳಿದಿದ್ದವು.

ರೂಢಿಯೆಂಬ ವೇಷ

ಹಿಂದೂಪುರದ ಪರಿಸರದಲ್ಲಿ ಈ ವಿಚಾರವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅಪ್ರಾಮಾಣಿಕವಾದೀತು. ಏಕೆಂದರೆ ಇದು ರೇಷ್ಮೆಯ ಸೀಮೆ. ಸುತ್ತಲೂ ಹಿಪ್ಪುನೇರಳೆ ತೋಟಗಳು, ಊರಿನಲ್ಲಿ ಗೂಡಿನ ಮಾರುಕಟ್ಟೆ, ಸಮೀಪದ ಕಿರಿಕೇರದಲ್ಲಿ ಆಂಧ್ರಪ್ರದೇಶ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆ. ಅತ್ತ ಧರ್ಮಾವರದಲ್ಲಿ ಹೆಸರಾಂತ ರೇಷ್ಮೆಸೀರೆಗಳ ಮಗ್ಗಗಳು. ಸಾವಿರಾರು ಕುಟುಂಬಗಳ ಅನ್ನ ಈ ಎಳೆಯಲ್ಲಿದೆ.

ರೇಷ್ಮೆಹುಳುವೂ ಚೀಲದ ಹುಳುವಿನಂತೆ ಪತಂಗದ ಮರಿಯೇ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ ಅದು ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದ. ಉತ್ತಮ ತಳಿಯಲ್ಲಿ ಒಂದು ಕಿಲೋಮೀಟರ್ ಆಗುವುದೂ ಉಂಟು. ಪತಂಗ ಹೊರಬಂದರೆ ಗೂಡು ತೂತಾಗಿ ಎಳೆ ಕಡಿಯುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ಬಿಸಿಗಾಳಿಯಿಂದಲೋ ಹಬೆಯಿಂದಲೋ ಒಳಗಿನ ಜೀವವನ್ನು ಕೊಂದು, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಸೀರೆಯ ಹಿಂದೆ ಸಾವಿರಾರು ಗೂಡುಗಳು.

ಕಡ್ಡಿಯೊಳಗೆ ಜೀವವಿದೆಯೆಂದು ದಾರಿಹೋಕನಿಗೆ ಗೊತ್ತಿರಲಿಲ್ಲ. ಗೂಡಿನೊಳಗೆ ಜೀವವಿದೆಯೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದು ಕಾಣುವುದಿಲ್ಲ. ಪೂಜೆಗೆ ರೇಷ್ಮೆಯನ್ನೇ ಉಡುವ ರೂಢಿ ಅನೇಕ ಕಡೆ ಉಳಿದಿದೆ. ಶುಭಕಾರ್ಯವೆಂದರೆ ರೇಷ್ಮೆ, ಗೌರವವೆಂದರೆ ರೇಷ್ಮೆ. ಹಾಗಾದರೆ ಜೀವವನ್ನು ಮರೆಮಾಚುವ ಅತ್ಯಂತ ಸಮರ್ಥ ವೇಷ ಒಣಕಡ್ಡಿಯದೇ, ಅಥವಾ ರೂಢಿಯದೇ? ಹುಳು ತೊಟ್ಟ ವೇಷವನ್ನು ಮಗುವೊಂದು ಕ್ಷಣದಲ್ಲಿ ಭೇದಿಸಿತು. ರೂಢಿ ತೊಡಿಸಿದ ವೇಷವನ್ನು ಭೇದಿಸಲು ಕಲಿತವರಿಗೂ ವರ್ಷಗಳು ಹಿಡಿಯುತ್ತವೆ.

“ನಾವು ಕೊಂದಿಲ್ಲ, ಕೊಂಡಿದ್ದೇವೆ” ಎಂಬುದು ಸಾಮಾನ್ಯವಾದ ಸಮಾಧಾನ. ಆದರೆ ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳನ್ನೂ ಶಾಸ್ತ್ರ ತೋರಿಸಿದೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಮೂರರಿಂದಲೂ ಬಂಧವುಂಟು. ಹೀಗಿರುವಾಗ ಬಿಸಿನೀರಿನ ಬಾನಿಯ ಮುಂದೆ ಕೈಸುಟ್ಟುಕೊಂಡು ನೂಲು ಬಿಚ್ಚುವ ಬಡ ಹೆಂಗಸನ್ನು ಹಿಂಸಕಳೆಂದು ದೂರಿ, ಆ ನೂಲಿನ ಸೀರೆಯನ್ನುಟ್ಟು ಬಸದಿಗೆ ಬರುವುದು ಯಾರಿಗೂ ಶೋಭಿಸದು. ಹೊಟ್ಟೆಪಾಡಿಗಾಗಿ ಮಾಡುವವಳಿಗಿಂತ ಅಲಂಕಾರಕ್ಕಾಗಿ ಮಾಡಿಸುವವರ ಪಾಲು ಕಡಿಮೆಯೆಂದು ಹೇಳುವ ಧೈರ್ಯ ಯಾರಿಗಿದೆ?

ದಾರಿಗಳು ಮುಚ್ಚಿಲ್ಲ. ಪೂಜೆಗೆ ಹತ್ತಿಯ ಶುಭ್ರ ವಸ್ತ್ರವೇ ಸಾಕೆಂದು ನಿರ್ಧರಿಸಿದ ಮನೆಗಳಿವೆ. ಪತಂಗ ಹೊರಬಂದ ಗೂಡಿನಿಂದಲೇ ನೂಲು ತೆಗೆದು ಬಟ್ಟೆ ನೇಯಿಸುವ ಪ್ರಯತ್ನವನ್ನು ಹೈದರಾಬಾದಿನ ಕುಸುಮ ರಾಜಯ್ಯನವರು ಅಹಿಂಸಾ ರೇಷ್ಮೆಯೆಂಬ ಹೆಸರಿನಲ್ಲಿ ನಡೆಸಿ ತೋರಿಸಿದರು. ಆ ಬಟ್ಟೆಗೆ ಹೊಳಪು ಕಡಿಮೆ, ಬೆಲೆ ಹೆಚ್ಚು. ಹಾಗೆ ಹೊರಬಂದ ಪತಂಗವೂ ಉಣ್ಣಲಾರದು, ಸಾವಿರಾರು ವರ್ಷಗಳ ಸಾಕಣೆಯಿಂದಾಗಿ ಹಾರಲೂ ಆರದು. ಹೀಗಾಗಿ ಅದೂ ಪ್ರಶ್ನೆಯನ್ನು ಪೂರ್ತಿಯಾಗಿ ಮುಗಿಸುವುದಿಲ್ಲ. ಆದರೆ ಪ್ರಶ್ನೆಯನ್ನು ಮರೆಯಗೊಡುವುದೂ ಇಲ್ಲ. ಇತ್ತ ಬಡ ಕುಟುಂಬಗಳ ಅನ್ನದ ಪ್ರಶ್ನೆ ಉಳಿದೇ ಇದೆ. ರೇಷ್ಮೆಯನ್ನು ಬಿಡುವವರು ಬಿಟ್ಟ ಹಣದಲ್ಲಿ ಒಂದು ಭಾಗವನ್ನು ಆ ಮಕ್ಕಳ ವಿದ್ಯೆಗೆ ಸಲ್ಲಿಸಿದರೆ, ತ್ಯಾಗವು ತನ್ನ ಶುದ್ಧಿಗೆ ಮಾತ್ರ ನಿಲ್ಲದೆ ಇನ್ನೊಬ್ಬರ ಬಾಳಿಗೂ ತಲುಪೀತು.

ನೋಡಿದವನ ಹೊಣೆ

ಅರಿವು ಬಂದ ಮೇಲೆ ಹಿಂದಿನ ಅರಿಯದ ಸ್ಥಿತಿಗೆ ಮರಳುವ ದಾರಿಯಿಲ್ಲ. ಕಡ್ಡಿಯ ಕಟ್ಟಿನಿಂದ ತಲೆಯೊಂದು ಹೊರಬಂದುದನ್ನು ಒಮ್ಮೆ ಕಂಡವನಿಗೆ ಆಮೇಲೆ ಬೇಲಿಯ ಯಾವ ಕಡ್ಡಿಯೂ ಬರೀ ಕಡ್ಡಿಯಾಗಿ ಕಾಣದು. ಇದು ಹೊರೆಯೆಂದು ಕೆಲವರಿಗೆ ತೋರಬಹುದು. ಎಲ್ಲೆಲ್ಲಿಯೂ ಜೀವ ಅಡಗಿದ್ದರೆ ಹೆಜ್ಜೆಯಿಡುವುದು ಹೇಗೆ ಎಂಬ ಭಯ ಹುಟ್ಟಬಹುದು. ಆದರೆ ಯತ್ನಾಚಾರದ ಗುರಿ ಭಯವಲ್ಲ. ಹೆಜ್ಜೆ ನಿಲ್ಲಬೇಕಾಗಿಲ್ಲ, ನಿಧಾನವಾದರೆ ಸಾಕು. ನಿಧಾನವಾದ ಕಣ್ಣಿಗೆ ಈ ಒಣ ಸೀಮೆಯೂ ಎಷ್ಟು ತುಂಬಿದೆಯೆಂಬುದು ಕಾಣತೊಡಗುತ್ತದೆ.

ಅಜ್ಜಿಗೆ ಕಡ್ಡಿ ನಡೆಯುತ್ತದೆಯೆಂದು ತಿಳಿಯಲು ಮೊಮ್ಮಗಳು ಬೇಕಾದಳು. ಅದನ್ನು ತೋರಿಸಿದ ಮಗುವಿಗೆ “ಸುಮ್ಮನಿರು” ಎನ್ನದೆ, ಅಜ್ಜಿ ಬೇಲಿಯ ಬಳಿ ಬಂದು, ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ ನೋಡಿದರೆ ಆ ದಿನದ ಸ್ವಾಧ್ಯಾಯ ಸಾರ್ಥಕ. ಆಮೇಲೆ ಬೇಲಿ ಸವರಲು ಬಂದ ಆಳಿಗೆ ಅಜ್ಜಿಯೇ ಹೇಳುತ್ತಾಳೆ: “ಆ ರೆಂಬೆ ಒಂದು ಬಿಟ್ಟುಬಿಡಪ್ಪ, ಅದರಲ್ಲಿ ಯಾರೋ ಇದ್ದಾರೆ.”